ತಲೆ ಮೇಲೆ ಮಾಡಿ ಕುಳಿತ ಅವಳಿಗಳು

“ಎರಡೂ ಕೂಸು ತಲಿ ಮ್ಯಾಲ ಮಾಡಿ ಕುಂತಾವ್ರಿ. ಆಪರೇಷನ್ನೇ ಛಲೋ,” ಎಂದರು ಜಮಖಂಡಿಯ ಡಾಕ್ಟರಮ್ಮ, ಬಸುರಿ ಮಗಳ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಲು ಒಬ್ಬನೇ ಹೋಗಿದ್ದ ನನಗೆ. ಅಷ್ಟು ಬೇಗ ಹೇಳಿದ್ದಕ್ಕೇ ನನಗೆ ಅನುಮಾನ ಬಂತು. ಬನಹಟ್ಟಿಯ ಸೀರೆ ಪೇಟೆಯಲ್ಲಿ ನನಗೆ ಟೋಪಿ ಹಾಕಿದವರಿಲ್ಲ. ಅದೇ ರಿಪೋರ್ಟ್ ಹಿಡಿದು ಮುಧೋಳದ ಡಾಕ್ಟರ ಬಳಿ ಹೋಗಿ, ವ್ಯಾಪಾರದ ಹಳೇ ಪಟ್ಟು ಹಾಕಿದೆ: “ಜಮಖಂಡಿ ಡಾಕ್ಟರಮ್ಮ ನಾರ್ಮಲ್ ಹೆರಿಗಿ ಆಕೈತಿ ಅಂದಾರ್ರೀ.”

“ಯಾರ್ರೀ ಹಂಗಂದವ್ರು? ಮೂರೂ ಜೀವಕ್ಕ ಅಪಾಯ ಐತಿ!” ಎಂದು ಅವರು ರೇಗಿದರು.

ಮನೆಗೆ ಬಂದು, “ಇಬ್ಬರೂ ಆಪರೇಷನ್ನೇ ಅಂದ್ರವಾ,” ಎಂದೆ. ಮಗಳು ನನ್ನನ್ನೇ ದಿಟ್ಟಿಸಿದಳು.

“ಹೊಟ್ಟಿ ಕೊಯ್ಸಿಕೊಳ್ಳಾಕಿ ನಾನು. ಖರೆ ಹೇಳಪಾ, ಇದೂ ನಿನ್ನ ಚೇಷ್ಟಿ ಏನ?”

ಅವಳ ಮದುವೆಯಲ್ಲಿ ಬೀಗರ ಚಹಾಕ್ಕೆ ಉಪ್ಪು ಹಾಕಿದವನು ನಾನೇ. ಆಣೆ ಮಾಡಿದರೂ ನಂಬಲಿಲ್ಲ. ಡಾಕ್ಟರ ಬಾಯಿಂದಲೇ ಕೇಳಿದ ಮೇಲೆ ಒಪ್ಪಿದಳು.

ಅವಳಿಗಳು ಈಗ ನನ್ನ ಮೀಸೆ ಎಳೆಯುತ್ತವೆ. ಸುಳ್ಳು ಹೇಳಿ ನಾನೆಂದೂ ಸಿಕ್ಕಿಬಿದ್ದವನಲ್ಲ; ನಿಜ ಹೇಳಿ ಸಿಕ್ಕಿಬಿದ್ದದ್ದು ಅದೊಂದೇ ಸಲ.