ತೊಳೆದ ಉಪ್ಪು

ನಮ್ಮ ಬೋರಗಾಂವದಲ್ಲಿ ಅಕ್ಕಿ ತೊಳೆಯುತ್ತಾರೆ, ಬೇಳೆ ತೊಳೆಯುತ್ತಾರೆ. ಉಪ್ಪು ತೊಳೆಯುವವಳು ನಾನು ಕಂಡಂತೆ ನನ್ನ ಅವ್ವ ಕಾಶಿಬಾಯಿ ಒಬ್ಬಳೇ. ಬಟ್ಟೆಯಲ್ಲಿ ಸೋಸಿದ ನೀರಲ್ಲಿ ಹರಳುಪ್ಪನ್ನು ಮೂರು ಸಲ ಜಾಲಿಸಿ, ಮಾಳಿಗೆಯ ಮೇಲೆ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಚಟಚಟ ಅನ್ನುವವರೆಗೆ ಹುರಿದು ಭರಣಿಗೆ ತುಂಬುತ್ತಿದ್ದಳು. ನಾವು ಜೈನರು. ಹಸಿ ಉಪ್ಪಿನಲ್ಲಿ ಜೀವವಿರುತ್ತದೆ, ಹುರಿದು ತಿಂದರೆ ದೋಷವಿಲ್ಲ ಎಂಬುದು ಅವಳು ತವರಿನಿಂದ ತಂದ ನಂಬಿಕೆ.

ಪಾಕೀಟಿನ ಪುಡಿ ಉಪ್ಪು ತೊಳೆಯಲು ಬರುವುದಿಲ್ಲ, ನೀರಿಗೆ ಹಾಕಿದರೆ ಕರಗಿಹೋಗುತ್ತದೆ. ಹಾಗಾಗಿ ನನ್ನ ಹೆಂಡತಿ ತೃಪ್ತಿ ತಂದ ಪಾಕೀಟುಗಳೆಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗುತ್ತಿದ್ದವು. ಅವುಗಳ ಮೇಲೆ ‘ಅಯೋಡಿನ್‌ಯುಕ್ತ’ ಎಂದು ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಓದಿ, ಎಮ್ಮೆಯ ಮುಂದೆ ಸುರಿದಿದ್ದೇನೆ. ಬಿ.ಎಸ್ಸಿ. ಪಾಸಾದ ಗಂಡಸು ನಾನು!

ಅವ್ವನನ್ನು ಬೈಯಲು ನನಗೆ ಬಾಯಿಲ್ಲ. ಮೂವತ್ನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ಎರಡು ಮಗ್ಗ ನಡೆಸಿ ನನ್ನನ್ನು ಓದಿಸಿದವಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಕೈಯಲ್ಲಿದ್ದವು, ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ.

ನನ್ನ ಮಗಳು ಪೂನಮ್ ಲೆಕ್ಕದಲ್ಲಿ ವರ್ಗಕ್ಕೇ ಮುಂದಿದ್ದವಳು. ಹನ್ನೊಂದು ತುಂಬಿದ ಮೇಲೆ ಮಂಕಾದಳು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದಳು, ಕೂತಲ್ಲೇ ತೂಕಡಿಸುತ್ತಿದ್ದಳು, ಮೈ ಊದಿಕೊಂಡಿತ್ತು. ಕೊರಳ ಮುಂದಿನ ಸಣ್ಣ ಉಬ್ಬನ್ನು ಕೊಬ್ಬು ಎಂದು ನಕ್ಕವನು ನಾನೇ. “ಮೈಗಳ್ಳಿ, ಏಳ ಬೇ!” ಎಂದು ಅವ್ವ ದಿನಾ ಕೂಗುತ್ತಿದ್ದಳು. ಎರಡು ವರ್ಷ ಹೀಗೇ ಹೋಯಿತು. ಒಂದು ಮುಂಜಾನೆ ಮಗಳು ಪುಸ್ತಕದ ಮೇಲೇ ನಿದ್ದೆಹೋದಾಗ ನಾನು ಕೆನ್ನೆಗೆ ಹೊಡೆದೆ. ಅವಳು ಅಳಲೂ ಇಲ್ಲ, ಅಳುವಷ್ಟು ತ್ರಾಣ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ.

ಅವತ್ತೇ ತೃಪ್ತಿ ಹಟ ಹಿಡಿದು ನಮ್ಮನ್ನು ನಿಪ್ಪಾಣಿಯ ದವಾಖಾನೆಗೆ ಹೊರಡಿಸಿದಳು. ಎರಡನೇ ಸಲ ಹೋದಾಗ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಥೈರಾಯ್ಡ್ ಅಂದರು. ಆಮೇಲೆ ಕೇಳಿದರು: “ಮನ್ಯಾಗ ಯಾವ ಉಪ್ಪು ತಿಂತೀರಿ?”

ಜೊತೆಗೆ ಬಂದಿದ್ದ ಅವ್ವ ಹೆಮ್ಮೆಯಿಂದಲೇ ಹೇಳಿದಳು: “ತೊಳದು ಹುರದ ಹರಳುಪ್ಪರಿ. ಹಂಗs ಇದ್ದ ಉಪ್ಪು ನಮ್ಮ ಒಲಿ ಮುಂದ ಬರೂದಿಲ್ಲ. ಇಕಿ ಭಾಳ ಮೈಗಳ್ಳಿ ಆಗ್ಯಾಳ್ರಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಅಮ್ಮಾರ, ಹರಳುಪ್ಪಿನ್ಯಾಗ ಅಯೋಡಿನ್ ಮೊದಲs ಕಮ್ಮಿ. ಇದ್ದದ್ದೂ ತೊಳದ್ರ ನೀರಿಗಿ ಹೋತು, ಹುರದ್ರ ಹಾರಿ ಹೋತು. ಬೆಳಿಯೂ ಹುಡುಗಿಗಿ ಅದು ಬೇಕs ಬೇಕ್ರಿ. ಬ್ಯಾರೆ ಕಾರಣನೂ ಇರಬಹುದು, ಆದ್ರ ಇದೂ ಒಂದು. ಇಕಿ ಮೈಗಳ್ಳಿ ಅಲ್ಲ. ಇಕಿಗಿ ಜಡ್ಡು ಆಗೇತಿ.”

ಮರುದಿನ ಅವ್ವ ತಾನೇ ಭರಣಿ ಬರಿದು ಮಾಡಿ ಪಾಕೀಟು ಉಪ್ಪು ಸುರಿದಳು. ಪೂನಮ್‌ಗೆ ಬೆಳಿಗ್ಗೆ ಬರಿಹೊಟ್ಟೆಗೆ ಗುಳಿಗೆ ಕೊಡುವುದೂ ಅವಳೇ. ನಾಲ್ಕೈದು ತಿಂಗಳಲ್ಲಿ ಹುಡುಗಿಯ ಮುಖ ಅರಳಿತು, ಮಾತು ಚುರುಕಾಯಿತು. ಹಿಂದೆ ಬಿದ್ದ ಎರಡು ವರ್ಷದ ಪಾಠ ಮಾತ್ರ ಇನ್ನೂ ಅವಳ ಕೈಗೆ ಸಿಕ್ಕಿಲ್ಲ.

ಅವ್ವ ಬಸದಿಗೆ ಹೋಗಿ, ಸಾಯುವವರೆಗೆ ತಾನು ಉಪ್ಪು ತಿನ್ನುವುದಿಲ್ಲ ಎಂದು ವ್ರತ ಹಿಡಿದು ಬಂದಳು. ಸಪ್ಪೆ ರೊಟ್ಟಿ, ಸಪ್ಪೆ ಪಲ್ಯ. ಮೊನ್ನೆ ಊಟಕ್ಕೆ ಕೂತಾಗ ಪೂನಮ್ ಅಜ್ಜಿಯನ್ನು ಕೇಳಿದಳು: “ಆಯಿ, ನೀ ಉಪ್ಪು ಬಿಟ್ರ ನನ್ನ ಜಡ್ಡು ಲಗೂನ ಹೋಗ್ತದೇನ?”

“ಅದಕ್ಕಲ್ಲವಾ,” ಅಂದಳು ಅವ್ವ, ತಲೆ ಎತ್ತದೆ. “ನಿನಗ ಮೈಗಳ್ಳಿ ಅಂದ ನಾಲಿಗಿಗಿ ಇನ್ನ ರುಚಿ ಬ್ಯಾಡ.”

ನಾನು ಹೊಡೆದ ಕೈಯಲ್ಲೇ ತುತ್ತು ಹಿಡಿದು ಕೂತಿದ್ದೆ. ಬಾಯಿಗೆ ಒಯ್ಯಲಾಗಲಿಲ್ಲ.