ಮುಂದೆ ಒಬ್ಬರಿದ್ದರೆ ನಡೆಯುವ ಹುಡುಗಿ

ನನ್ನ ಮಗಳಿಗೆ ಎಂಟು ತುಂಬುವ ಹೊತ್ತಿಗೆ, ಅವಳ ವಿಷಯದಲ್ಲಿ ನನಗೆ ಬುದ್ಧಿ ಹೇಳದವರು ಮಸಿನಗುಡಿಯಲ್ಲಿ ಯಾರೂ ಉಳಿದಿರಲಿಲ್ಲ. ಒಬ್ಬರು ಹರಕೆ ಹೊತ್ತುಕೋ ಅಂದರು, ಇನ್ನೊಬ್ಬರು ಕೊಯಮತ್ತೂರಿನ ಡಾಕ್ಟರಿಗೆ ತೋರಿಸು ಅಂದರು, ಮತ್ತೊಬ್ಬರು ದೊಡ್ಡವಳಾದರೆ ತಾನಾಗಿ ಸರಿಹೋಗುತ್ತೆ ಬಿಡು ಅಂದರು. ಊಟಿ ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತಲೇ ಒಂದು ಸೊಪ್ಪಿನ ಹೆಸರು ಹೇಳಿದ್ದ. ಎಲ್ಲರಿಗೂ ಹೂಂ ಅಂದು, ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಯಾರ ಮಾತು ಸುಳ್ಳು, ಯಾರ ಮಾತು ನಿಜ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟು ಹೋಗಿತ್ತು.

ನಾನು ಗುಂಡ್ಲುಪೇಟೆ ಕಡೆಯವಳು. ಪ್ರವಾಸಿಗರನ್ನು ಜೀಪಿನಲ್ಲಿ ಸುತ್ತಾಡಿಸುವವನನ್ನು ಮದುವೆಯಾಗಿ ಈ ಕಾಡಂಚಿಗೆ ಬಂದೆ. ಮಗಳು ಹುಟ್ಟಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಕೂರುವುದು, ನಿಲ್ಲುವುದು, ಮಾತು, ಎಲ್ಲವೂ ತಡ. ಆಸ್ಪತ್ರೆಯವರು ಬುದ್ಧಿಮಾಂದ್ಯ ಎಂದರು. ಆ ಪದ ಕೇಳಿದ ದಿನ ನನಗೆ ಅಳು ಬರಲಿಲ್ಲ, ಹೇಳಿದವರ ಮೇಲೆ ವಿಪರೀತ ಕೋಪ ಬಂತು. ಎಷ್ಟು ಮಂದ, ಯಾವುದರಲ್ಲಿ ಮಂದ, ಮುಂದೇನು ಮಾಡಬೇಕು, ಒಂದನ್ನೂ ಹೇಳದೆ ಬಾಗಿಲ ಕಡೆ ಕೈ ತೋರಿಸಿದ್ದರು.

ನಮ್ಮ ಕೇರಿಯಿಂದ ಶಾಲೆಗೆ ಹೋಗುವ ದಾರಿಯ ಎರಡು ಬದಿಗೂ ಲಾಂಟಾನ ಪೊದೆ. ಬೆಳಿಗ್ಗೆ ಕೆಲವೊಮ್ಮೆ ಆನೆ ಇನ್ನೂ ದಾರಿ ದಾಟುತ್ತಿರುತ್ತದೆ. ಹಾಗಾಗಿ ಇಲ್ಲಿನ ಮಕ್ಕಳು ಶಾಲೆಗೆ ಸಾಲಾಗಿ ಹೋಗುತ್ತಾರೆ. ದೊಡ್ಡವರಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ಪುಟ್ಟವರು ನಡುವೆ. ಮುಂದಿನವರು ನೆಲದ ಮೇಲೆ ಬಿಸಿ ಲದ್ದಿ ಇದೆಯಾ, ಕೊಂಬೆ ಮುರಿದಿದೆಯಾ ಎಂದು ನೋಡುತ್ತಾ ಹೋಗಬೇಕು. ಅವರು ನಿಂತರೆ ಎಲ್ಲರೂ ನಿಲ್ಲಬೇಕು. ಮುಂದೆ ಯಾರೂ ಇಲ್ಲ ಎಂದರೆ, ನಿಂತ ಜಾಗ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು. ಇದನ್ನು ಮಕ್ಕಳಿಗೆ ಕಲಿಸುವುದು ಮನೆಯ ಮುದುಕಿಯರ ಕೆಲಸ. ನನ್ನ ಅತ್ತೆ ನನ್ನ ಮಗಳ ಕೈ ಹಿಡಿದು ಅಂಗಳದಲ್ಲಿ ತಿಂಗಳುಗಟ್ಟಲೆ ಕಲಿಸಿದರು.

ಉಳಿದ ಮಕ್ಕಳಿಗೆ ಎಷ್ಟು ಹೇಳಿದರೂ ಅಷ್ಟೇ, ಮಾವಿನಕಾಯಿ ಕಂಡರೆ ಸಾಲು ಬಿಟ್ಟು ಓಡುತ್ತಿದ್ದವು. ನನ್ನ ಮಗಳು ಒಮ್ಮೆಯೂ ಓಡಲಿಲ್ಲ. ಬಣ್ಣ ಹೇಳಲು ಬಾರದು, ಗುಂಡಿ ಹಾಕಲು ಬಾರದು, ಆದರೆ ಈ ಒಂದು ಪಾಠ ಅವಳಿಗೆ ಪೂರ್ತಿ ಹಿಡಿದಿತ್ತು. ಮನೆಯಲ್ಲೂ ಮುಂದೆ ಒಬ್ಬರು ನಡೆಯದೆ ಅವಳು ಹೆಜ್ಜೆ ಇಡುತ್ತಿರಲಿಲ್ಲ. "ನೋಡವ್ವ, ನನ್ ಮೊಮ್ಮಗಳಂಗೆ ಯಾರ್ ನಡದರು?" ಎಂದು ಅತ್ತೆ ಕೇರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೂ ಹೆಮ್ಮೆಯೇ.

ಮೂರನೇ ತರಗತಿಗೆ ಬಂದಾಗ ಶಾಲೆಯ ಹೆಡ್ಮಾಸ್ಟರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಮಾತಿಗೆ ಮೊದಲು ಟೀ ತರಿಸಿದರು. ಮಗುವನ್ನು ಸುಮ್ಮನೆ ಕೂರಿಸಿಕೊಳ್ಳುತ್ತಿದ್ದೇವೆ ಅಷ್ಟೇ, ಕಲಿಸಲು ನಮಗೆ ಗೊತ್ತಿಲ್ಲ, ಊಟಿಯಲ್ಲಿ ಇಂಥ ಮಕ್ಕಳಿಗೇ ಒಂದು ಶಾಲೆ ಇದೆ, ಹಾಸ್ಟೆಲ್ಲೂ ಇದೆ, ಅಲ್ಲಿ ಸೀಟು ಸಿಕ್ಕರೆ ಬಿಡಬೇಡಿ ಎಂದರು. ನಾನು ಅವರ ಜೊತೆ ಜಗಳಕ್ಕೆಂದೇ ಹೋಗಿದ್ದೆ. ಜಗಳಕ್ಕೆ ಜಾಗವೇ ಇರಲಿಲ್ಲ. ಅವರು ಓಡಿಸುತ್ತಿದ್ದಾರೋ ದಾರಿ ತೋರಿಸುತ್ತಿದ್ದಾರೋ ತಿಳಿಯದೆ ಟೀ ಕುಡಿದು ಎದ್ದು ಬಂದೆ.

ಕಲ್ಲಟ್ಟಿ ಘಾಟಿನ ತಿರುವುಗಳಲ್ಲಿ ಮಗಳು ನನ್ನ ಸೀರೆ ತುಂಬಾ ವಾಂತಿ ಮಾಡಿದಳು. ಊಟಿಯ ಚಳಿಯಲ್ಲಿ ಒದ್ದೆ ಸೆರಗು ಹೊದ್ದುಕೊಂಡು ಆ ಶಾಲೆಯ ಗೇಟು ಹೊಕ್ಕೆ. ಹಳೆಯ ಬಂಗಲೆ, ಉದ್ದನೆಯ ಜಗಲಿ. ಮಗಳನ್ನು ಪರೀಕ್ಷೆ ಮಾಡಿದ ಟೀಚರ್ ಊಟಿ ಹತ್ತಿರದ ಇತ್ತಲಾರ್ ಹಳ್ಳಿಯವಳು, ನೀಲಗಿರಿಯ ಬಡಗ ಜನದ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಬಡಗ ಮಾತಿಗೆ ತಮಿಳೂ ನನ್ನ ಕನ್ನಡವೂ ಸೇರಿ, ನಿಧಾನಕ್ಕೆ ಹೇಳಿದರೆ ಒಬ್ಬರದು ಒಬ್ಬರಿಗೆ ಅರ್ಥವಾಗುತ್ತಿತ್ತು.

ಮರದ ತುಂಡು ಜೋಡಿಸುವುದು, ಚಿತ್ರ ತೋರಿಸುವುದು, ಹೇಗೋ ನಡೆಯಿತು. ಆಮೇಲೆ ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿ, ಮಗಳನ್ನು ಜಗಲಿಯ ಒಂದು ತುದಿಯಲ್ಲಿ ನಿಲ್ಲಿಸಿ, ಟೀಚರ್ ಇನ್ನೊಂದು ತುದಿಯಿಂದ ಕರೆದಳು. "ಬಾ ಅಮ್ಮಾ, ಇಲ್ಲಿ ಬಾ." ಮಗಳು ಕದಲಲಿಲ್ಲ. ಬಿಸ್ಕತ್ತು ತೋರಿಸಿದಳು, ಚೆಂಡು ತೋರಿಸಿದಳು, ಚಪ್ಪಾಳೆ ತಟ್ಟಿದಳು. ಮಗಳು ಬಿಸ್ಕತ್ತನ್ನೇ ನೋಡುತ್ತಾ, ಉಗುಳು ನುಂಗುತ್ತಾ, ನೆಟ್ಟಗೆ ನಿಂತೇ ಇದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಅಲ್ಲಿನ ದೊಡ್ಡ ಮೇಡಂ ಬಂದು ಹೇಳಿದರು. ಚಿಕ್ಕ ಮಾತೊಂದನ್ನು ಹೇಳಿದರೆ ಅದರಂತೆ ಮಾಡುವ ಮಕ್ಕಳನ್ನು ಮಾತ್ರ ನಾವು ತೆಗೆದುಕೊಳ್ಳುವುದು, ಈ ಮಗುವಿಗೆ ಕರೆದರೂ ಬರಲು ತಿಳಿಯುತ್ತಿಲ್ಲ, ಮುಂದಿನ ವರ್ಷ ನೋಡೋಣ. ನನಗೆ ಮೈಯೆಲ್ಲ ಉರಿದು ಹೋಯಿತು. "ತಿಳೀದೆ ಅಲ್ಲ ಮೇಡಂ ಅವಳು ನಿಂತಿರೋದು, ತಿಳಿದೇ ನಿಂತವಳೆ. ಅವಳ ಮುಂದೆ ಯಾರಾದ್ರೂ ಒಬ್ಬರು ನಡೆದು ನೋಡಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆನೆ, ದಾರಿ, ಸಾಲು, ಅತ್ತೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ತಮಿಳು ಕೇಳಿ ದೊಡ್ಡ ಮೇಡಂ ಮುಖ ಸಿಂಡರಿಸಿದರು. ಇತ್ತಲಾರಿನ ಟೀಚರ್ ಮಾತ್ರ ಸುಮ್ಮನೆ ಎದ್ದು ಹೋಗಿ ಮಗಳ ಮುಂದೆ, ಅವಳಿಗೆ ಬೆನ್ನು ಮಾಡಿ ನಿಂತು, ನಡೆಯತೊಡಗಿದಳು.

ಮಗಳು ಹಿಂದೆಯೇ ಹೊರಟಳು. ಜಗಲಿ ದಾಟಿ, ಮೆಟ್ಟಿಲಿಳಿದು, ತೋಟ ಸುತ್ತಿ, ಟೀಚರ್ ನಿಂತಲ್ಲಿ ನಿಂತು, ತಿರುಗಿದಲ್ಲಿ ತಿರುಗಿ ಬಂದಳು. ಸೀಟು ಸಿಕ್ಕಿತು. ಹೊರಡುವಾಗ ಟೀಚರ್ ನನಗೆ ಹೇಳಿದಳು. "ಅಕ್ಕಾ, ಮೊದಲು ಇವಳಿಗೆ ಒಬ್ಬಳೇ ನಡೆಯೋದು ಕಲಿಸ್ತೀವಿ. ಅದು ಬಂದ್ರೆ ಉಳಿದದ್ದೆಲ್ಲ ಬರುತ್ತೆ." ನಾನು ಅವಳ ಎರಡೂ ಕೈ ಹಿಡಿದುಕೊಂಡು, "ಕಲಿಸು ತಾಯಿ, ಕಲಿಸು" ಎಂದೆ. ಇಳಿಯುವ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಖುಷಿಗೆ ಅಳುತ್ತಿದ್ದೇನೋ ದುಃಖಕ್ಕೋ ನನಗೇ ಗೊತ್ತಾಗಲಿಲ್ಲ.

ವರ್ಷ ತುಂಬುವುದರೊಳಗೆ ಕಲಿಸಿದರು. ದೊಡ್ಡ ರಜೆಗೆ ಅವಳು ಮನೆಗೆ ಬಂದಾಗ ತಾನೇ ಹಲ್ಲುಜ್ಜುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಅತ್ತೆ ತುತ್ತು ಮಾಡಿ ಬಾಯಿಗಿಡಲು ಹೋದರೆ ಕೈ ತಳ್ಳಿ "ನಾನೇ" ಎನ್ನುತ್ತಿದ್ದಳು. ಅತ್ತೆ ನಕ್ಕರು, ಆಮೇಲೆ ಎದ್ದು ಒಳಗೆ ಹೋದರು. ನಾನು ಮಾತ್ರ ಕೇರಿಯ ಬುದ್ಧಿವಂತರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ತೋರಿಸಿದೆ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು ನನಗೆ.

ಒಂದು ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಅವಳು ಹಾಸಿಗೆಯಲ್ಲಿರಲಿಲ್ಲ. ಹಿತ್ತಿಲಲ್ಲಿಲ್ಲ, ಪಕ್ಕದ ಮನೆಗಳಲ್ಲಿಲ್ಲ. ಕೇರಿಯವರೆಲ್ಲ ಹುಡುಕಲು ಹೊರಟರು. ಗಂಡ ಜೀಪು ತೆಗೆದುಕೊಂಡು ಕಾಡಿನ ಕಡೆಯ ಮಾಯಾರ್ ದಾರಿ ಹಿಡಿದ. ಅವಳು ಆ ದಾರಿಯಲ್ಲೇ, ಮನೆಗಳೆಲ್ಲ ಮುಗಿದು ಬಹಳ ಮುಂದೆ, ಚಪ್ಪಲಿ ಹಾಕಿಕೊಂಡು, ತಲೆ ಬಾಚಿಕೊಂಡು, ರಸ್ತೆಯ ಎಡಬದಿಗೆ ನೀಟಾಗಿ ನಡೆದು ಹೋಗುತ್ತಿದ್ದಳಂತೆ. ಅವಳು ದಾಟಿ ಬಂದ ಜಾಗದಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು ಎಂದು ಗಂಡ ಹೇಳಿದ. ಜೀಪು ಹತ್ತು ಎಂದರೆ "ನಾನೇ, ನಾನೇ" ಎಂದು ಹಟ ಹಿಡಿದಳಂತೆ. ಎತ್ತಿ ಹಾಕಿಕೊಂಡು ಬಂದಿದ್ದ.

ಅತ್ತೆ ಅವಳನ್ನು ತಬ್ಬಿಕೊಂಡು ಅತ್ತರು. ಆಮೇಲೆ ನನ್ನ ಕಡೆ ತಿರುಗಿ, "ನಾ ಕಲ್ಸಿದ್ನ ಅಳಿಸಾಕ್ಬುಟ್ರಲ್ಲವ್ವ" ಎಂದರು. ಗಂಡ ಇಡೀ ದಿನ ಜೀಪು ಹೊರಗೆ ತೆಗೆಯಲಿಲ್ಲ. ಅಂದಿನಿಂದ ರಜೆ ಮುಗಿಯುವವರೆಗೂ ಯಾರಾದರೊಬ್ಬರು ಅವಳನ್ನು ಕಾಯಬೇಕಾಯಿತು. ಯಾರಿಗೂ ಬಿಡುವಿಲ್ಲದಾಗ ಅತ್ತೆ ತಮ್ಮ ಹಳೆಯ ಸೀರೆಯಿಂದ ಅವಳ ಸೊಂಟವನ್ನು ಕಂಬಕ್ಕೆ ಕಟ್ಟುತ್ತಿದ್ದರು. ನಾನು ಬಿಚ್ಚುತ್ತಿದ್ದೆ. ಬಿಚ್ಚಿ ಒಂದು ಗಳಿಗೆಗೆ ಹೆದರಿಕೆಯಾಗಿ ನಾನೇ ಕಟ್ಟುತ್ತಿದ್ದೆ. ಒಬ್ಬಳೇ ನಡೆಯಲಿ ಎಂದು ಊಟಿಯವರೆಗೆ ಹೋಗಿ ಟೀಚರ್ ಕೈ ಹಿಡಿದು ಬೇಡಿಕೊಂಡವಳು ನಾನು. ಈಗ ನಡೆದರೆ ಕಟ್ಟಿ ಹಾಕುವವಳೂ ನಾನೇ. ನನಗೆ ಏನು ಬೇಕಾಗಿತ್ತು ಎಂಬುದೇ ನನಗೆ ಮರೆತು ಹೋಗಿತ್ತು.

ರಜೆ ಮುಗಿದ ಮೇಲೆ ಅವಳನ್ನು ಬಿಡಲು ಹೋದಾಗ ಟೀಚರ್ ಮೇಲೆ ಹರಿಹಾಯ್ದೆ. ಅವಳು ಎಲ್ಲ ಕೇಳಿಸಿಕೊಂಡಳು. "ಎರಡೂ ಕಲಿಸು" ಎಂದೆ. "ಇಲ್ಲಿ ಒಬ್ಬಳೇ ನಡೀಲಿ, ನಮ್ಮೂರಲ್ಲಿ ಮುಂದೆ ಯಾರಾದರೂ ಇದ್ದರೆ ಮಾತ್ರ ನಡೀಲಿ."

"ಅದು ಇವಳಿಂದ ಆಗಲ್ಲ ಅಕ್ಕಾ" ಎಂದಳು. "ಇಂಥ ಕಡೆ ಹೀಗೆ, ಅಂಥ ಕಡೆ ಹಾಗೆ ಅಂತ ನಮ್ಮಲ್ಲಿ ಕೆಲವು ಮಕ್ಕಳಿಗೆ ಬರುತ್ತೆ. ಇವಳು ಒಂದನ್ನ ಹಿಡಿದರೆ ಅದೊಂದೇ. ನೀವು ಹೇಳಿದರೆ ಹಳೇದನ್ನೇ ವಾಪಸ್ಸು ಕಲಿಸಿ ಕಳಿಸ್ತೀನಿ, ಕಷ್ಟ ಇಲ್ಲ. ಆದರೆ ನೀವೆಲ್ಲ ಹೋದ ಮೇಲೆ ಇವಳ ಮುಂದೆ ಯಾರು ನಡೀತಾರೆ?"

ನಾನು ಅವಳನ್ನೇ ಕೇಳಿದೆ, ನೀನಾದರೆ ಏನು ಮಾಡುತ್ತೀಯ ಎಂದು. ಅವಳು "ನನಗೂ ಗೊತ್ತಾಗ್ತಾ ಇಲ್ಲ ಅಕ್ಕಾ" ಎಂದಳು. ಓದಿದವಳಿಗೇ ಗೊತ್ತಾಗದಿದ್ದರೆ ನಾನೆಲ್ಲಿ ಹೋಗಲಿ. ಜಗಲಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದೆ. ಮಗಳು ನನ್ನೆದುರಿಗೇ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು, ಕಕ್ಕಸಿಗೆ ಹೋಗಿ ಬಂದಳು, ಯಾರನ್ನೂ ಕಾಯಲಿಲ್ಲ. ಕೊನೆಗೆ ಎದ್ದು ಹೋಗಿ, "ಒಬ್ಬಳೇ ನಡೀಲಿ ಬಿಡು" ಎಂದೆ.

ಟೀಚರ್ ತಲೆಯಾಡಿಸಿದಳು. "ಹಂಗಾದ್ರೆ ಇನ್ನು ರಜೆಗೆ ಊರಿಗೆ ಕಳಿಸೋದು..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಅಲ್ಲಿಯವರೆಗೂ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಸಂಜೆ ಬಸ್ಸಿಳಿದರೆ ಅತ್ತೆ ನಿಲ್ದಾಣದಲ್ಲೇ ಕೂತಿದ್ದರು. ಮಗು ಅತ್ತಳಾ, ಉಂಡಳಾ ಎಂದು ಕೇಳಿದರು. ದೀಪಾವಳಿಗೆ ಎಷ್ಟು ದಿನ ರಜೆ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ಮಗಳು ಇನ್ನು ಇಲ್ಲಿಗೆ ಬರುವುದಿಲ್ಲ, ನೋಡಬೇಕೆಂದರೆ ನಾವೇ ಘಾಟಿ ಹತ್ತಿ ಹೋಗಬೇಕು ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

"ಹಂಗಾದ್ರೆ ಅದು ಯಾರ್ ಮನೆ ಮಗವ್ವ ಈಗ?" ಎಂದು ಕೇಳಿದರು. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದರು. ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಮನೆಯ ದಾರಿಯಲ್ಲಿ ಅವರ ಮುಂದೆ ನಡೆಯತೊಡಗಿದೆ.