ಕಾಂದಿವಲಿಯಿಂದ ಪರೇಲಿಗೆ, ಅಣ್ಣನ ಗಾಡಿಯಲ್ಲಿ

ಮೇ ತಿಂಗಳ ಕೊನೆಯ ವಾರ, ಒಂದು ಗುರುವಾರ, ಬೆಳಗಿನ ಒಂಬತ್ತೂವರೆಗೆ ನಾವು ಕಾಂದಿವಲಿ ಬಿಟ್ಟೆವು. ಹೋಗಬೇಕಾದದ್ದು ಪರೇಲಿನ ಆಸ್ಪತ್ರೆಗೆ. ದೂರ ಸುಮಾರು ಹದಿನಾರು ಮೈಲಿ. ಗಾಡಿಯಲ್ಲಿ ಮೂವರಿದ್ದೆವು: ಹಿಂದೆ ಹಾಸಿಗೆಯ ಮೇಲೆ ಮಲಗಿದ್ದ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮುಂದೆ ಗಾಡಿ ನಡೆಸುತ್ತಿದ್ದ ಶಾಂತಾರಾಮ, ಅವನ ಪಕ್ಕದಲ್ಲಿ ನಾನು. ಅಣ್ಣ ತೀರಿಕೊಂಡು ಏಳು ವಾರಗಳಾಗಿದ್ದವು. ಗಾಡಿ ಅಣ್ಣನದು.

ವೈನಿಗೆ ಹಿಂದಿನ ದಿನದಿಂದ ಹೊಟ್ಟೆನೋವು ಎದ್ದಿತ್ತು. ಅವ್ವ ಇಂಗು, ಓಮದ ನೀರು ಎಲ್ಲ ಕೊಟ್ಟು ನೋಡಿದ್ದಳು. ಬೆಳಗ್ಗೆ ಡಾಕ್ಟರು ಬಂದು ಹೊಟ್ಟೆಯ ಬಲಗಡೆ ಒತ್ತಿ ನೋಡಿದರು, ನನ್ನನ್ನು ಹೊರಗೆ ಕರೆದು ಅಪೆಂಡಿಕ್ಸ್ ಎಂದರು. ಇವತ್ತೇ ಕೊಯ್ಯಬೇಕು, ಒಳಗೇ ಒಡೆದರೆ ಉಳಿಸುವುದು ಕಷ್ಟ, ಮಧ್ಯಾಹ್ನದ ಹೊತ್ತಿಗಾದರೂ ಮುಟ್ಟಿಸಿ, ಕೂಡಿಸಬೇಡಿ, ಮಲಗಿಸಿಯೇ ಒಯ್ಯಿರಿ ಎಂದು ಹೇಳಿ ಪರೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕಾಂದಿವಲಿಯಲ್ಲಿ ಟ್ಯಾಕ್ಸಿ ಇಲ್ಲ. ಟಾಂಗಾದಲ್ಲಿ ಮಲಗಲು ಆಗುವುದಿಲ್ಲ. ಬೆಳಗಿನ ಲೋಕಲ್‌ನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಅಂಗಳದಲ್ಲಿ ಅಣ್ಣನ ಗಾಡಿ ಮಾತ್ರ ಇತ್ತು. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು. ಬೇರೆ ದಾರಿ ಇದ್ದಿದ್ದರೆ ನಾನು ಅದನ್ನು ಹತ್ತುತ್ತಿರಲಿಲ್ಲ.

ಈ ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಇದು ಪಕ್ಕದಲ್ಲಿ ಮರದ ಪಟ್ಟಿ ಹೊಡೆದ, ಎಂಟು ಜನ ಕೂಡುವ ಸ್ಟೇಷನ್ ವ್ಯಾಗನ್. ಅಣ್ಣ ಮೂರನೆಯ ಮಾಲೀಕ. ಮನೆಮಂದಿಯೆಲ್ಲ ಒಟ್ಟಿಗೆ ಒಂದು ಕಡೆ ಹೋಗಬೇಕು, ಅರ್ಧ ಜನ ಮುಂದಿನ ಲೋಕಲ್, ಅರ್ಧ ಜನ ಹಿಂದಿನ ಲೋಕಲ್ ಆಗಬಾರದು ಎಂಬುದು ಅವನ ಹಟ. ತಂದ ಮೊದಲ ಭಾನುವಾರವೇ ಎಲ್ಲರನ್ನೂ ಹತ್ತಿಸಿಕೊಂಡು ಜುಹೂ ದಂಡೆಗೆ ಹೊರಟ. ಗೋರೆಗಾಂವದಲ್ಲಿ ನೀರು ಕುದಿಯಿತು. ಜೋಗೇಶ್ವರಿಯಲ್ಲಿ ಹಿಂದಿನ ಬಾಗಿಲು ತಾನೇ ತೆರೆದು ಬುತ್ತಿಯ ಡಬ್ಬಿ ರಸ್ತೆಗೆ ಬಿತ್ತು. ಸೆಲ್ಫ್ ಸ್ಟಾರ್ಟರ್ ಹಿಡಿಯದೆ ಪ್ರತಿ ಸಲ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾಯಿತು. ಎಲ್ಲಕ್ಕಿಂತ ಕೆಟ್ಟ ರೋಗವೆಂದರೆ ಬಿಸಿಲಿನದು. ಬಿಸಿಲೇರಿದಾಗ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ಇಂಜಿನ್ನು ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಒಂದು ಅರಿವೆಯನ್ನು ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ ತಣ್ಣಗಾಗುವ ತನಕ ಕಾಯಬೇಕು. ಮನೆಯ ಮಗುವಿಗೆ ಜ್ವರ ಬಂದರೆ ಹಣೆಗೆ ಹಾಕುವಂತೆ. ಅಣ್ಣ ಅದಕ್ಕೆಂದೇ ಹಳೆಯ ಪಂಚೆಯ ಒಂದು ತುಂಡನ್ನು ಸೀಟಿನ ಕೆಳಗೆ ಇಟ್ಟಿದ್ದ.

ಒಮ್ಮೆ ಅಣ್ಣ ತಕರಾರು ಹೇಳಲು ಮಾರಿದವರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಆ ಮುದುಕರು ಎಲ್ಲ ಕೇಳಿಸಿಕೊಂಡು, "ನಾನೂ ಇದೇ ತಕರಾರು ತಗೊಂಡು ನನಗ ಮಾರಿದವನ ಮನಿಗೆ ಹೋಗಿದ್ದೆ. ಅವ ಚಹಾ ಕುಡಿಸಿ ಕಳಿಸಿದ. ನೀವೂ ಚಹಾ ಕುಡೀರಿ" ಎಂದರು. ಅಣ್ಣ ಚಹಾ ಕುಡಿದು ಬಂದ. ದಾರಿಯುದ್ದಕ್ಕೂ ನಕ್ಕ. ಗಾಡಿಯನ್ನು ಮಾರಲಿಲ್ಲ.

ಮಲಾಡ್ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಶಾಂತಾರಾಮ ಬೆಳಗಾವಿ ಕಡೆಯ ಫಿಟರ್, ಅಣ್ಣನ ನೆರೆಯವನು. ಅಣ್ಣ ಹೋದ ಮೇಲೆ ವಾರಕ್ಕೊಮ್ಮೆ ತಾನಾಗಿ ಬಂದು ಇಂಜಿನ್ ಚಾಲೂ ಮಾಡಿ ಬ್ಯಾಟರಿ ಕಾಪಾಡಿದವನು ಅವನೇ. ಹಿಂದಿನ ಬಾಗಿಲನ್ನು ಹಗ್ಗದಿಂದ ಬಿಗಿದಿದ್ದ. ಪ್ರತಿ ಗುಂಡಿಗೂ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸುತ್ತಿದ್ದ.

"ವೈನಿ, ಹಾದಿ ಖರಾಬ್ ಅದ, ಜರಾ ಸಂಭಾಳಸ್ರಿ," ಎಂದ.

"ನೀವು ಹಾದಿ ನೋಡ್ರಿ ಶಾಂತಾರಾಮ. ನನ್ನ ನಾ ನೋಡ್ಕೋತೀನಿ," ಎಂದರು ವೈನಿ. ಅವರ ದನಿ ಹಲ್ಲು ಕಚ್ಚಿದವರದಾಗಿತ್ತು.

ಗೋರೆಗಾಂವದಲ್ಲಿ ನಿಂತು ರೇಡಿಯೇಟರಿಗೆ ನೀರು ಹಾಕಿದೆವು. ಹತ್ತು ಗಂಟೆ ಹತ್ತು ನಿಮಿಷ. ಗಾಳಿ ಇರಲಿಲ್ಲ. ಮಳೆ ಬರುವ ಮುಂಚಿನ ಸೆಕೆ. ಅಂಗಿ ಬೆನ್ನಿಗೆ ಅಂಟಿತ್ತು. ಅಂಧೇರಿಯ ರೈಲ್ವೆ ಗೇಟಿನಲ್ಲಿ ಎಮ್ಮೆಗಳ ಒಂದು ಹಿಂಡು ಅಡ್ಡ ಬಂದು ಕಾಲು ಗಂಟೆ ತಿಂದಿತು. ನಾನು ತಿರುಗಿ ನೋಡಿದಾಗ ವೈನಿ ಕಣ್ಣು ಮುಚ್ಚಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಹಣೆ ಸುಡುತ್ತಿತ್ತು.

ನಾನು ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡೆ. ಅದರಲ್ಲಿ ಎರಡು ಚೀಟಿಗಳಿದ್ದವು. ಒಂದು ಡಾಕ್ಟರದು. ಇನ್ನೊಂದು ಏಳು ವಾರಗಳಿಂದ ಅಲ್ಲೇ ಇತ್ತು. ಅಂಗಿ ಬದಲಿಸುವಾಗ ಅದನ್ನೂ ಹೊಸ ಅಂಗಿಯ ಕಿಸೆಗೆ ದಾಟಿಸುತ್ತಿದ್ದೆ. ಯಾರಿಗೂ ತೋರಿಸಿರಲಿಲ್ಲ.

ಅಣ್ಣ ತೀರಿಕೊಂಡ ದಿನ ಅವನು ಒಬ್ಬನೇ ಈ ಗಾಡಿಯಲ್ಲಿ ಪರೇಲಿಗೆ ಹೊರಟಿದ್ದ. ಎಡಗಡೆ ಭುಜ ನೋಯುತ್ತಿದೆ, ಡಾಕ್ಟರಿಗೆ ತೋರಿಸಿ ನನ್ನನ್ನೂ ಕಂಡು ಬರುತ್ತೇನೆಂದು ಮನೆಯಲ್ಲಿ ಹೇಳಿದ್ದ. ನಾನು ಪರೇಲಿನಲ್ಲಿ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನ. ಇರುವುದು ಅಲ್ಲೇ ಒಂದು ಚಾಳಿನಲ್ಲಿ; ಅಣ್ಣ ಹೋದ ಮೇಲೆ ಆಗಾಗ ಕಾಂದಿವಲಿಯಲ್ಲೇ ಉಳಿಯುತ್ತಿದ್ದೆ. ಚಾಳಿನ ಕೆಳಗೆ ವಿಜಾಪುರದ ಬಸಪ್ಪನವರ ಖಾನಾವಳಿ ಇದೆ. ಆ ಸುತ್ತಿನ ನಮ್ಮ ಕಡೆಯವರಿಗೆಲ್ಲ ಅವರ ಫೋನೇ ಫೋನು. ಯಾರಿಗೆ ಏನು ಸುದ್ದಿ ಬಂದರೂ ಬಸಪ್ಪನವರು ಬಿಲ್ಲಿನ ಹಿಂಬದಿಗೆ ಪೆನ್ಸಿಲ್ಲಿನಿಂದ ಬರೆದು ಗೋಡೆಯ ಮೊಳೆಗೆ ಚುಚ್ಚುತ್ತಾರೆ. ಅವರು ಓದಿದ್ದು ಮೂರನೆಯ ಇಯತ್ತೆ. ಆ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಮೊಳೆಯ ಮೇಲೆ ನನ್ನ ಹೆಸರಿನ ಚೀಟಿ ಇತ್ತು. "ಅಣ್ಣ ಗಾಡಿ ಬಂದ ಮಾಹೀಮ ಹತ್ರ."

ಅಣ್ಣ ಗಾಡಿಯಲ್ಲಿ ಬಂದ, ಮಾಹೀಮದ ಹತ್ತಿರ ಇದ್ದಾನೆ, ಇನ್ನೇನು ಇಪ್ಪತ್ತು ನಿಮಿಷ ಎಂದು ನಾನು ಓದಿಕೊಂಡೆ. ಎರಡು ತಾಟು ಹಾಕಲು ಹೇಳಿ ಬಾಗಿಲಲ್ಲಿ ಕುಳಿತೆ. ಒಂದೂವರೆ ತಾಸು ಕುಳಿತೆ.

ಅಣ್ಣ ಹೇಳಿದ್ದು 'ಬಂದ್'. ಮುಂಬೈಯಲ್ಲಿ ಕೆಟ್ಟು ನಿಂತದ್ದಕ್ಕೆಲ್ಲ ಬಂದ್ ಎನ್ನುತ್ತಾರೆ. ಗಿರಣಿ ಬಂದ್, ನಳ ಬಂದ್, ಗಾಡಿ ಬಂದ್. ನಾವೂ ಹಾಗೇ ಅನ್ನುತ್ತೇವೆ. ಬಸಪ್ಪನವರು ದಕಾರಕ್ಕೆ ಮೇಲಿನ ಆ ಸಣ್ಣ ಗೆರೆ ಎಳೆದಿರಲಿಲ್ಲ. ನಾನು ಬಾಗಿಲಲ್ಲಿ ಕುಳಿತಿದ್ದಾಗ ಅಣ್ಣ ಇಬ್ಬರು ದಾರಿಹೋಕರನ್ನು ಕರೆದು ಅವರ ಜೊತೆ ತಾನೂ ಗಾಡಿಗೆ ಹೆಗಲು ಕೊಟ್ಟು ತಳ್ಳಿದ. ಹತ್ತು ಹೆಜ್ಜೆಗೆ ಬಿದ್ದ; ನಾನು ಕಾದು ಕಾದು ಮಾಹೀಮಕ್ಕೆ ಹೋದಾಗ ಎಲ್ಲ ಮುಗಿದಿತ್ತು. ನಾನು ಅಲ್ಲಿದ್ದರೆ ಅವನಿಗೆ ತಳ್ಳಲು ಬಿಡುತ್ತಿರಲಿಲ್ಲ.

ಖಾರ್ ಬಂತು, ಬಾಂದ್ರಾ ಬಂತು. ಹನ್ನೊಂದು ಗಂಟೆ ಆಗಿ ಹತ್ತು ನಿಮಿಷ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೇಲಿನ ರಸ್ತೆಗೆ ಬಂದಾಗ ಇಂಜಿನ್ನು ಒಮ್ಮೆ ಕೆಮ್ಮಿತು. ಶಾಂತಾರಾಮ ನನ್ನ ಕಡೆ ನೋಡಲಿಲ್ಲ. ಎರಡನೆಯ ಸಲ ಕೆಮ್ಮಿತು. ಎಡಗಡೆಯಿಂದ ಧಾರಾವಿಯ ಚರ್ಮ ಹದ ಮಾಡುವ ವಾಸನೆ ಬರುತ್ತಿತ್ತು. ಖಾಡಿ ದಾಟಿ ಮಾಹೀಮದ ಮೊದಲ ಮನೆಗಳು ಕಂಡಾಗ ಗಾಡಿ ಸದ್ದಿಲ್ಲದೆ ನಿಧಾನವಾಗಿ ಉರುಳಿ ರಸ್ತೆಯ ಬದಿಗೆ ನಿಂತಿತು. ಅಣ್ಣನ ಗಾಡಿಯನ್ನು ಆ ದಿನ ನಾನು ಕಂಡ ಜಾಗದಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ.

ಶಾಂತಾರಾಮ ಇಳಿದು ಬಾನೆಟ್ ಎತ್ತಿದ. "ಪಂಪ್ ಸುಡಾಕತ್ತೈತಿ. ಅರಿವಿ ಕೊಡ್ರಿ ಶಾಮರಾಯರ."

ನಾನು ಸೀಟಿನ ಕೆಳಗೆ ಕೈಹಾಕಿದೆ. ಹ್ಯಾಂಡಲ್ ಇತ್ತು, ನಟ್ಟು ಬಿಚ್ಚುವ ಪಾನಾ ಇತ್ತು, ಅರಿವೆ ಇರಲಿಲ್ಲ.

"ಅಲ್ಲಿಲ್ಲ ಅದು," ಎಂದರು ವೈನಿ ಹಿಂದಿನಿಂದ. "ಎಣ್ಣಿ ನಾತ ಹೊಡೀತಿತ್ತು. ಅವತ್ತ ಮುಂಜಾನೆ ಒಗ್ಯಾಕ ತಗದಿದ್ದೆ. ತಂತಿ ಮ್ಯಾಲೆ ಒಣಗ್ಲಿಕ್ಕೆ ಹಾಕಿದ್ದೆ."

ಯಾವತ್ತು ಎಂದು ನಾವು ಕೇಳಲಿಲ್ಲ. ಶಾಂತಾರಾಮ ತನ್ನ ಅಂಗಿ ಬಿಚ್ಚಿ ಕ್ಯಾನಿನ ನೀರಲ್ಲಿ ಅದ್ದಿದ. "ಕಮ್ಮಿ ಅಂದ್ರೂ ಅರ್ಧಾ ತಾಸು. ಮ್ಯಾಲೆ ಇದರ ಮನಸ್ಸು," ಎಂದ.

ರಸ್ತೆಯಲ್ಲಿ ಟ್ಯಾಕ್ಸಿಗಳು ಹೋಗುತ್ತಿದ್ದವು, ಎಲ್ಲವೂ ತುಂಬಿದ್ದವು. ನಾನು ಕೈಮಾಡಿದ ಮೂರೂ ನಿಲ್ಲಲಿಲ್ಲ. ಎದುರಿಗೆ ಒಂದು ಇರಾಣಿ ಹೋಟೆಲು ಇತ್ತು. ಗಲ್ಲಾದ ಮೇಲೆ ಫೋನು. ಅಣ್ಣ ಫೋನು ಮಾಡಿದ್ದೂ ಇಲ್ಲಿಂದಲೇ ಇರಬೇಕು. ಬೇರೆ ಹೋಟೆಲು ಹತ್ತಿರದಲ್ಲಿ ಕಾಣಲಿಲ್ಲ. ಬಸಪ್ಪನವರ ನಂಬರು ತಿರುಗಿಸಿದೆ. ಆಚೆಯಿಂದ ತಾಟುಗಳ ಸದ್ದು, ಯಾರೋ ಸಾರು ಕೇಳುತ್ತಿರುವುದು, ಆಮೇಲೆ ಬಸಪ್ಪನವರ ದನಿ.

"ಯಾರು ಮಾತಾಡೋದ್ರೀ?"

"ನಾನ್ರಿ, ಶಾಮ. ಗಾಡಿ ಬಂ..."

ಚೀಟಿ ಇದ್ದ ಕಿಸೆಯ ಮೇಲೆ ಕೈ ಹೋಯಿತು.

"ಏನ್ರೀ? ಬಂತೇನು?"

"ಇಲ್ಲ. ಗಾಡಿ ನಿಂತದ. ಕೆಟ್ಟು ನಿಂತದ. ಮಾಹೀಮದಾಗ, ಖಾಡಿ ದಾಟಿದ ಕೂಡ್ಲೇ, ಇರಾಣಿ ಹೋಟೆಲ್ ಎದುರಿಗೆ. ವೈನಿ ಒಳಗ ಮಲಗ್ಯಾರ, ಅವರಿಗೆ ಆಪರೇಷನ್ ಆಗಬೇಕು. ಒಂದು ಟ್ಯಾಕ್ಸಿ ತಗೊಂಡು ನೀವ ಬರ್ರಿ."

"ತಡೀರಿ, ಪೆನ್ಸಿಲ್ ಎಲ್ಲೈತಿ, ಬರಕೋತೀನಿ."

"ಬರಕೋಬ್ಯಾಡ್ರಿ ಬಸಪ್ಪನವರ. ಬರ್ರಿ."

"ಹೊಂಟೆ," ಎಂದು ಫೋನಿಟ್ಟರು.

ಹಿಂದಿರುಗಿ ಬಂದಾಗ ಶಾಂತಾರಾಮ ಬನಿಯನ್ನಿನಲ್ಲಿ ನಿಂತು ಹೋಗುವ ಟ್ಯಾಕ್ಸಿಗಳಿಗೆ ಕೈಮಾಡುತ್ತಿದ್ದ. ನಾನು ಹಿಂದಿನ ಬಾಗಿಲಿನ ಹಗ್ಗ ಬಿಚ್ಚಿ ಗಾಳಿಯಾಡಲೆಂದು ತೆರೆದು ಅಲ್ಲೇ ಕುಳಿತೆ. ವೈನಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನೋವು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಹೋದಾಗ ಮುಂದುವರಿಸುತ್ತಿದ್ದರು.

"ಫೋನ್ ಹತ್ತಿತೇನು?"

"ಹತ್ತಿತು. ಬಸಪ್ಪನವರ ಬರ್ತಾರ."

"ಅವ್ರು ಖಾನಾವಳಿ ಊಟದ ಹೊತ್ತಿಗೆ ಬಿಟ್ಟು ಬರ್ತಾರ? ಚೀಟಿ ಬರದು ಮೊಳಿಗೆ ಚುಚ್ಚಿ ಕೂತಾರು."

ಅವರು ತಮಾಷೆಗೆ ಹೇಳಿದ್ದರು. ನಮ್ಮ ಮನೆಯಲ್ಲಿ ಬಸಪ್ಪನವರ ಚೀಟಿ ಯಾವಾಗಲೂ ನಗುವ ವಿಷಯ. "ಬರಕೋಬ್ಯಾಡ್ರಿ ಅಂತ ಹೇಳೀನಿ," ಎಂದೆ.

"ಯಾಕ?"

ಈ ಪ್ರಶ್ನೆಗೆ ಉತ್ತರ ಏಳು ವಾರದಿಂದ ಕಿಸೆಯಲ್ಲಿತ್ತು. ತೆಗೆದೆ. ಓದಿ ಹೇಳಿದೆ. ಅಣ್ಣ ಹೇಳಿದ್ದೇನು, ಬಸಪ್ಪನವರು ಬರೆದದ್ದೇನು, ನಾನು ಓದಿಕೊಂಡದ್ದೇನು, ಎಷ್ಟು ಹೊತ್ತು ಕುಳಿತೆ, ಎಲ್ಲ ಹೇಳಿದೆ. ಎರಡು ತಾಟು ಹಾಕಿಸಿದ್ದನ್ನೂ ಹೇಳಿದೆ. ಹೇಳಲು ಎರಡು ನಿಮಿಷ ಸಾಕಾಯಿತು.

ವೈನಿ ನನ್ನನ್ನು ನೋಡಲಿಲ್ಲ. ಗಾಡಿಯ ಮಾಡು ನೋಡುತ್ತಿದ್ದರು. ಅಲ್ಲಿ ಬಟ್ಟೆ ಹರಿದು ತಗಡು ಕಾಣುತ್ತಿತ್ತು. "ಇಟ್ಕೋರಿ ಅದನ್ನ. ಈಗ ಅದನ್ನ ನೋಡೂದು ನನ್ನ ಕಡೆ ಆಗಂಗಿಲ್ಲ," ಎಂದರು.

ಶಾಂತಾರಾಮ ಹ್ಯಾಂಡಲ್ ಹಾಕಿ ತಿರುಗಿಸಿದ. ಗಾಡಿ ಅಲುಗಿತು, ವೈನಿ ಕೂಗಿಕೊಂಡರು. ಅವನು ಹ್ಯಾಂಡಲನ್ನು ಕೆಳಗಿಟ್ಟು ಮತ್ತೆ ಮುಟ್ಟಲಿಲ್ಲ. ಹನ್ನೊಂದು ಮುಕ್ಕಾಲು ಆಯಿತು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಪ್ರತಿ ಟ್ಯಾಕ್ಸಿಯೂ ಅದೇ ಎಂದು ಕಾಣುತ್ತಿತ್ತು. ಕೊನೆಗೆ ಒಂದು, ಎದುರು ದಿಕ್ಕಿನಿಂದ ಬಂದು, ರಸ್ತೆಯ ನಡುವೆಯೇ ತಿರುಗಿ ನಮ್ಮ ಹಿಂದೆ ನಿಂತಿತು. ಬಸಪ್ಪನವರು ಇಳಿದರು. ಸೊಂಟಕ್ಕೆ ಅಡಿಗೆಯ ವಸ್ತ್ರ ಹಾಗೇ ಇತ್ತು, ಬಲಗೈ ಬೆರಳಿಗೆಲ್ಲ ಜೋಳದ ಹಿಟ್ಟು.

"ತಂಗಿ, ಜರಾ ಧೈರ್ಯಾ ಮಾಡ," ಎಂದು ಹಾಸಿಗೆಯ ಒಂದು ತುದಿಯನ್ನು ತಾವೇ ಹಿಡಿದರು. ನಾವು ಮೂವರೂ ಸೇರಿ ಹಾಸಿಗೆಯ ಸಮೇತ ಎತ್ತಿ ಟ್ಯಾಕ್ಸಿಯ ಹಿಂದಿನ ಸೀಟಿನ ಮೇಲೆ ಮಲಗಿಸಿದೆವು. ಕಾಲು ಮಡಚಲೇಬೇಕಾಯಿತು. ಶಾಂತಾರಾಮ ಗಾಡಿಯ ಹತ್ತಿರ ಉಳಿದ, ನಾನು ವೈನಿಯ ಕಾಲಬಳಿ ತೂರಿಕೊಂಡೆ. ಬಸಪ್ಪನವರು ಮುಂದೆ ಕುಳಿತು ದಾದರ್ ಪೂರ್ತಿ ಡ್ರೈವರನಿಗೆ ದಾರಿ ಹೇಳುತ್ತ ಬಂದರು. ಅವನು ಒಮ್ಮೆ, ಇಪ್ಪತ್ತು ವರ್ಷದಿಂದ ಇಲ್ಲೇ ಟ್ಯಾಕ್ಸಿ ಓಡಿಸುತ್ತಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದ. "ಹಂಗಾದ್ರ ಲಗೂನ ಓಡಸು," ಎಂದು ಬಸಪ್ಪನವರು ಕನ್ನಡದಲ್ಲೇ ಹೇಳಿದರು. ಅವನಿಗೆ ತಿಳಿಯಿತು. ಹನ್ನೆರಡೂಕಾಲಿಗೆ ಆಸ್ಪತ್ರೆ ಮುಟ್ಟಿದೆವು. ಒಂದು ಗಂಟೆಗೆ ಅವರನ್ನು ಒಳಗೆ ಒಯ್ದರು. ಮೂರಕ್ಕೆ ಡಾಕ್ಟರು ಹೊರಗೆ ಬಂದು, ಇನ್ನೊಂದು ತಾಸಾಗಿದ್ದರೆ ಒಡೆಯುತ್ತಿತ್ತು ಎಂದರು.

ಬಸಪ್ಪನವರು ಅಲ್ಲಿಯ ತನಕ ಹೊರಗಿನ ಮರದ ಬಾಕಿನ ಮೇಲೆ ಕುಳಿತಿದ್ದರು. ಏಳುವಾಗ, "ಶಾಮರಾಯರ, ಬರಕೋಬ್ಯಾಡ್ರಿ ಅಂದ್ರಲ್ಲ, ಚೊಲೋ ಆತು. ಪೆನ್ಸಿಲ್ ಸಿಕ್ಕಿರಲಿಲ್ಲ," ಎಂದು ನಕ್ಕರು.

ಗಾಡಿಯನ್ನು ಶಾಂತಾರಾಮ ಅದೇ ಸಂಜೆ ತಂಪಾದ ಮೇಲೆ ಕಾಂದಿವಲಿಗೆ ಒಯ್ದನಂತೆ. ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲವಂತೆ.

ಹನ್ನೆರಡನೆಯ ದಿನ ವೈನಿಯನ್ನು ಮನೆಗೆ ಕರೆದುಕೊಂಡು ಹೋದೆ. ಈ ಸಲ ಲೋಕಲ್‌ನಲ್ಲಿ. ಮಧ್ಯಾಹ್ನದ ಹೊತ್ತು, ಡಬ್ಬಿ ಖಾಲಿ ಇತ್ತು. ಎರಡು ದಿನದ ಹಿಂದೆ ಮೊದಲ ಮಳೆ ಬಿದ್ದಿತ್ತು. ವೈನಿ ಕಿಟಕಿಯ ಪಕ್ಕ ಕುಳಿತರು. ದಾದರ್ ಹೋಯಿತು, ಮಾಟುಂಗಾ ಹೋಯಿತು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವರು ಚೀಟಿಯ ಮಾತು ತೆಗೆದಿರಲಿಲ್ಲ. ನಾನೂ ತೆಗೆದಿರಲಿಲ್ಲ. ಮಾಹೀಮ ಸ್ಟೇಷನ್ ಬಿಟ್ಟ ಮೇಲೆ ಕೈಚಾಚಿದರು.

"ಆ ಚೀಟಿ ಕೊಡ್ರಿ. ಪೆನ್ಸಿಲ್ ಅದ ಏನು?"

ಕಾರಕೂನನ ಕಿಸೆಯಲ್ಲಿ ಪೆನ್ಸಿಲ್ ಇದ್ದೇ ಇರುತ್ತದೆ. ಎರಡನ್ನೂ ಕೊಟ್ಟೆ. ವೈನಿ ಮದುವೆಗೆ ಮುಂಚೆ ಧಾರವಾಡದಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವರು. ಚೀಟಿಯನ್ನು ತೊಡೆಯ ಮೇಲಿನ ಚೀಲಕ್ಕೆ ಆನಿಸಿ ಓದಿದರು. ಒಮ್ಮೆ ಓದಿ ಮತ್ತೊಮ್ಮೆ ಓದಿದರು. ಗಾಡಿಯ ಕುಲುಕಾಟ ಸ್ವಲ್ಪ ಕಡಿಮೆಯಾಗುವ ತನಕ ಕಾದು, ದಕಾರದ ಮೇಲೆ ಆ ಸಣ್ಣ ಗೆರೆಯನ್ನು ಎಳೆದರು. ಮಡಚಿ ನನಗೆ ಕೊಟ್ಟರು.

"ಆ ಅರಿವಿ ಇನ್ನೂ ತಂತಿ ಮ್ಯಾಲೇ ಅದ. ಹೋದ ಕೂಡ್ಲೇ ತಗದು ಸೀಟಿನ ಕೆಳಗ ಇಡ್ರಿ," ಎಂದರು. ಆಮೇಲೆ, "ಇದನ್ನ ಬಸಪ್ಪನವರಿಗೆ ತೋರಸಬ್ಯಾಡ್ರಿ," ಎಂದರು.

ಕಿಟಕಿಯ ಹೊರಗೆ ಖಾಡಿಯ ನೀರು ಹಿಂದೆ ಸರಿಯುತ್ತಿತ್ತು. ಆಚೆ ದೂರದಲ್ಲಿ ರಸ್ತೆ, ಅದರ ಮೇಲೆ ಸಾಲಾಗಿ ಓಡುವ ಮೋಟಾರುಗಳು. ವೈನಿ ಆ ಕಡೆಗೇ ನೋಡುತ್ತಿದ್ದರು. ನಾನು ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡೆ. ಗಾಡಿ ಬಾಂದ್ರಾಕ್ಕೆ ಬಂದು ನಿಂತಿತು.